ಸಂಜೆ ತಟ್ಟೆಯಲ್ಲಿ ಉಳಿದದ್ದು: ಕೊಡಗಿನ ಸುಂಟಿಕೊಪ್ಪ ಹತ್ತಿರದ ಒಂದು ಹಿತ್ತಲಿನ ಪ್ರಕರಣ

"ಅಮ್ಮಾ, ನೀವು ಹಕ್ಕಿಗೆ ಹಾಕಿ, ನಾನು ಬೇಡ ಅನ್ನಲ್ಲ. ಆದ್ರೆ ನಿಮ್ಮ ಹಕ್ಕಿಗಳಿಗೆ ನಾಲ್ಕು ಕಾಲಿವೆ ಅಲ್ವಾ?"

2022ರ ಆಗಸ್ಟ್. ಕಕ್ಕಡ ತಿಂಗಳ ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತ್ತು. ಪಕ್ಕದ ತೋಟದವರು ನಮ್ಮ ಗೇಟಿನ ಹತ್ತಿರ ಕೊಡೆ ಮಡಚಿ ನಿಂತು ಅತ್ತೆಗೆ ಹೇಳಿದ ಮಾತಿದು. ಹಿಂದಿನ ರಾತ್ರಿ ಅವರ ಮರಗೆಣಸನ್ನು ಕಾಡುಹಂದಿ ಬುಡಮೇಲು ಮಾಡಿತ್ತು. ಹಂದಿ ಬಂದದ್ದು ನಮ್ಮ ಹಿತ್ತಲಿನ ಕಡೆಯಿಂದಲೇ. ಕೆಸರಿನಲ್ಲಿ ಗೊರಸಿನ ಗುರುತು ಸಾಲಾಗಿ ಬಿದ್ದಿತ್ತು. ನಮ್ಮ ಹಕ್ಕಿತಟ್ಟೆಯ ಕೆಳಗಂತೂ ಯಾರೋ ಗುದ್ದಲಿ ಹಿಡಿದು ಕೆದಕಿದ ಹಾಗಿತ್ತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೋತಿ ಬರುವುದು ನಿಮ್ಮಿಂದ, ಇಲಿ ಜಾಸ್ತಿಯಾದದ್ದು ನಿಮ್ಮಿಂದ, ಜೂನ್‌ನಲ್ಲಿ ಆನೆ ಬಂದದ್ದೂ ನಿಮ್ಮ ಬಾಳೆಹಣ್ಣಿನ ವಾಸನೆಗೇ ಎಂದು ನಾಲ್ಕು ದೂರು ಒಟ್ಟಿಗೆ ಇಟ್ಟು ಹೋದರು.

ಅತ್ತೆ ಆ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಗಂಡ "ತಟ್ಟೆ ಕಿತ್ತು ಬಿಸಾಕೋಣ, ಯಾಕೆ ಬೇಕು ರಗಳೆ" ಎಂದರು. ನಾನು ಹದಿನೆಂಟು ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಎರಡು ವಾರ ಬರೆದು ನೋಡೋಣ, ಆಮೇಲೆ ಕೀಳೋಣ ಎಂದೆ. ಕೆಳಗಿರುವುದು ಆ ನೋಟ್‌ಬುಕ್ಕಿನಿಂದ ತೆಗೆದದ್ದು.

ತಟ್ಟೆ ಬಂದ ಕಥೆ

ನಮ್ಮದು ಮೂರು ಎಕರೆ ರೊಬಸ್ಟಾ. ನೆರಳಿಗೆ ಹೆಚ್ಚಿನದು ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಮನೆ ಹಿಂದೆ ಎರಡು ಹಳೆ ಹಲಸು, ಬೇಲಿಯಲ್ಲಿ ಐದಾರು ಹಾಲುವಾಣ. ಎರಡು ರೂಮು ಹೋಂಸ್ಟೇಗೆ ಬಿಟ್ಟಿದ್ದೇವೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಬುಕಿಂಗ್ ಎಲ್ಲ ರದ್ದು. ಅತಿಥಿಗಳಿಗೆಂದು ಇಳಿಸಿದ್ದ ಎರಡು ಗೊನೆ ಬಾಳೆಹಣ್ಣು ಕಪ್ಪಾಗತೊಡಗಿತು. ಎಸೆಯಲು ಮನಸ್ಸು ಬಾರದೆ ಅತ್ತೆ ಒಂದು ಹಳೆಯ ಮೊರವನ್ನು ಸೀಬೆ ಮರದ ಕವಲಿಗೆ ಕಟ್ಟಿ, ಅದರಲ್ಲಿ ನಾಲ್ಕು ಹಣ್ಣು ಸುಲಿದಿಟ್ಟರು. ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಒಂದು ಕೆಮ್ಮೀಸೆ ಪಿಕಳಾರ ಬಂದು ಮೊರದ ಅಂಚಿನಲ್ಲಿ ಕೂತು, ಜುಟ್ಟು ನಿಮಿರಿಸಿ ಆಚೆ ಈಚೆ ನೋಡಿ, ಒಂದು ಚೂರು ಕಿತ್ತುಕೊಂಡು ಹಾರಿತು. ಐದು ನಿಮಿಷಕ್ಕೆ ಜೋಡಿಯನ್ನು ಕರೆದುಕೊಂಡು ಬಂತು. ವಾರ ಕಳೆಯುವಷ್ಟರಲ್ಲಿ ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಸ್ಟೂಲ್ ಹಾಕಿಕೊಂಡಾಗಿತ್ತು.

ಸಂತೋಷದ ಭಾಗವನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ದೂರು ಓದಿದವರಿಗೆ ಇದನ್ನೆಲ್ಲ ಯಾಕೆ ಮಾಡುತ್ತಾರೆ ಎಂದೇ ಅರ್ಥವಾಗುವುದಿಲ್ಲ.

ಕುಟ್ರುಹಕ್ಕಿಯನ್ನು ಅಲ್ಲಿಯವರೆಗೆ ನಾನು ಕೇಳಿದ್ದೆ, ನೋಡಿದ್ದು ಕಮ್ಮಿ. ಬೇಸಿಗೆಯಿಡೀ ಕುಟ್ರೂ ಕುಟ್ರೂ ಎಂದು ಕೂಗುತ್ತದೆ, ಎಲೆಯ ಬಣ್ಣದ್ದೇ ಮೈ, ಕಣ್ಣಿಗೆ ಬೀಳುವುದಿಲ್ಲ. ತಟ್ಟೆಗೆ ಬಂದಾಗ ಗೊತ್ತಾಯಿತು ಅದರ ಕೊಕ್ಕು ಎಷ್ಟು ದಪ್ಪ, ಬುಡದಲ್ಲಿ ಮೀಸೆಯ ಹಾಗೆ ಎಷ್ಟು ಕೂದಲು ಅಂತ. ಪಿಕಳಾರ ಹಣ್ಣನ್ನು ಕುಕ್ಕಿ ಕುಕ್ಕಿ ತಿಂದರೆ ಇದು ತೋಡುತ್ತದೆ. ಸುಲಿಯದ ಬಾಳೆಹಣ್ಣು ಇಟ್ಟರೆ ಒಂದು ಕಡೆ ಸಿಪ್ಪೆ ಸೀಳಿ, ತಲೆ ಒಳಗೆ ಹಾಕಿ, ಹತ್ತು ನಿಮಿಷದಲ್ಲಿ ಸಿಪ್ಪೆಯ ದೋಣಿ ಮಾತ್ರ ಉಳಿಸುತ್ತದೆ. ಆಮೇಲೆ ಕೊಕ್ಕನ್ನು ಕೊಂಬೆಗೆ ಈ ಕಡೆ ಒಂದು ಸಲ ಆ ಕಡೆ ಒಂದು ಸಲ ಒರೆಸಿಕೊಂಡು ಹೋಗುತ್ತದೆ. ಅತ್ತೆ ಅದಕ್ಕೆ "ಮದುವೆ ಮನೆ ನೆಂಟ" ಎಂದು ಹೆಸರಿಟ್ಟರು. ತಿಂದು, ಕೈ ಒರೆಸಿ, ಹೇಳದೆ ಹೋಗುವವನು.

ಏಪ್ರಿಲ್‌ನಲ್ಲಿ ಪಿಕಳಾರದ ಮರಿಗಳು ಬಂದವು. ಕೆನ್ನೆಯ ಕೆಂಪು ಇನ್ನೂ ಮೂಡಿಲ್ಲ, ಬಾಲ ಮೋಟು. ಬಾಳೆಹಣ್ಣಿನ ಮೇಲೇ ಕೂತಿದ್ದರೂ ರೆಕ್ಕೆ ನಡುಗಿಸಿ ಬಾಯಿ ತೆರೆದು ತಾಯಿಯನ್ನು ಕೇಳುತ್ತಿದ್ದವು. ತಾಯಿ ಅದರ ಕಾಲ ಕೆಳಗಿನ ಹಣ್ಣನ್ನೇ ಕಿತ್ತು ಅದರ ಬಾಯಿಗಿಡುತ್ತಿತ್ತು. ಇದನ್ನು ನೋಡುತ್ತಾ ನನ್ನ ಗಂಡನ ಕಡೆ ಅತ್ತೆ ಒಮ್ಮೆ ತಿರುಗಿ ನೋಡಿದ್ದು ನನಗೆ ನೆನಪಿದೆ.

ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಬಂದು ಪಂಚಾಯಿತಿ ಮಾಡುತ್ತಿದ್ದವು. ಭೀಮರಾಜ ತಟ್ಟೆಗೆ ಬರುವುದಿಲ್ಲ, ಹತ್ತಿರದ ಕೊಂಬೆಯಲ್ಲಿ ಕೂತು ಹಣ್ಣಿಗೆ ಬರುವ ಹುಳ ಹಿಡಿಯುತ್ತದೆ. ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ಅದು ಗಟ್ಟಿಗ. ನೀರಿಗೂ ಒಂದು ಮಣ್ಣಿನ ಬೋಗುಣಿ ಇಟ್ಟೆವು. ಡಿಸೆಂಬರ್‌ನ ಒಂದು ಮಧ್ಯಾಹ್ನ ರಾಜಹಕ್ಕಿ, ಬಿಳಿ ರಿಬ್ಬನ್ನಿನಂಥ ಬಾಲದ ಗಂಡು, ಮೇಲಿನ ಕೊಂಬೆಯಿಂದ ಬೋಗುಣಿಗೆ ಧುಮುಕಿ, ಮೈ ನೆನೆಸಿ, ಮತ್ತೆ ಕೊಂಬೆಗೆ, ಮತ್ತೆ ನೀರಿಗೆ, ಹೀಗೆ ನಾಲ್ಕು ಸಲ ಮುಳುಗು ಹಾಕಿತು. ಕಾಫಿ ಕುಯ್ಯಲು ಬಂದಿದ್ದ ಹೆಂಗಸರು ಮೂಟೆ ಇಳಿಸಿ ನಿಂತು ನೋಡಿದರು. ಆ ಸೀಸನ್‌ನಲ್ಲಿ ಕೆಲಸ ನಿಲ್ಲಿಸಿ ನಿಲ್ಲುವುದೆಂದರೆ ಸಣ್ಣ ವಿಷಯವಲ್ಲ.

ಎಲ್ಲಿ ಜಾಸ್ತಿಯಾಯಿತು

2021ರಲ್ಲಿ ಹೋಂಸ್ಟೇ ಮತ್ತೆ ಶುರುವಾಯಿತು. ಅತಿಥಿಗಳು ತಟ್ಟೆಯ ಫೋಟೋ ತೆಗೆದು ಹಂಚಿಕೊಂಡರು. "ಹಕ್ಕಿ ಬರುವ ಮನೆ ಇದೇನಾ" ಎಂದು ಫೋನ್ ಬರತೊಡಗಿತು. ಇಲ್ಲಿಂದ ತಪ್ಪು ನಮ್ಮದೇ. ಹಕ್ಕಿ ಬಂದರೆ ಬುಕಿಂಗ್, ಬುಕಿಂಗ್ ಬಂದರೆ ಇನ್ನಷ್ಟು ಹಣ್ಣು. ಮೊರ ಹೋಗಿ ಕಬ್ಬಿಣದ ಕಂಬದ ಮೇಲೆ ದೊಡ್ಡ ತಟ್ಟೆ ಬಂತು. ಯಾರೋ ಹೇಳಿದರೆಂದು ಕುಶಾಲನಗರದಿಂದ ಮೂಟೆ ತರಿಸಿದೆವು: ನುಚ್ಚು, ರಾಗಿ, ಜೋಳ, ಕಡ್ಲೆಬೀಜ. ಬೆಳಿಗ್ಗೆ ಒಂದು ಸೇರು, ಸಂಜೆ ಅರ್ಧ ಸೇರು. ರಾತ್ರಿ ಉಳಿದ ಅನ್ನವೂ ಅಲ್ಲಿಗೇ.

ಸಣ್ಣ ಕಿರಿಕಿರಿಗಳು ಮೊದಲಿನಿಂದಲೂ ಇದ್ದವು. ಒಣಗಿಸಿದ ಬಟ್ಟೆಯ ಮೇಲೆ ನೇರಳೆ ಬಣ್ಣದ ಹಿಕ್ಕೆ. ಒಬ್ಬ ಅತಿಥಿಯ ಹೊಸ ಕಾರಿನ ಕನ್ನಡಿಯಲ್ಲಿ ತನ್ನ ಬಿಂಬ ಕಂಡು ಮಡಿವಾಳ ಹಕ್ಕಿ ಮೂರು ದಿನ ಯುದ್ಧ ಮಾಡಿತು. ಕನ್ನಡಿಗೆ ಕಾಲುಚೀಲ ತೊಡಿಸಿದ ಮೇಲೆ ನಿಂತಿತು. ಇವನ್ನು ನಾನು ದೂರಿನಲ್ಲಿ ಸೇರಿಸುವುದಿಲ್ಲ.

ಸೇರಿಸಬೇಕಾದದ್ದು ಕೋತಿಯ ವಿಷಯ. ನಮ್ಮ ತೋಟದ ದಾರಿಯಲ್ಲಿ ಕೋತಿಗಳ ಗುಂಪು ಮೊದಲೂ ಓಡಾಡುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. ತಟ್ಟೆ ದೊಡ್ಡದಾದ ಮೇಲೆ ದಿನಾ ಹತ್ತು ಗಂಟೆಗೆ ಹಾಜರಿ. ಕೋತಿಗೆ ಕೆನ್ನೆಯೊಳಗೆ ಚೀಲವಿದೆ. ಎರಡು ನಿಮಿಷದಲ್ಲಿ ತುಂಬಿಕೊಂಡು, ಮರದ ಮೇಲೆ ಹೋಗಿ, ಹೊರಗಿನಿಂದ ಕೈಯಲ್ಲಿ ಒತ್ತಿ ಒತ್ತಿ ತಿನ್ನುತ್ತದೆ. ಅದು ಸಾಲದು ಅಂತ ಅತಿಥಿಗಳು ಚಿಪ್ಸ್ ಕೊಟ್ಟರು. ಬೇಡ ಎಂದರೆ "ಪಾಪ, ಹಸಿವಿರಬೇಕು ಅಲ್ವಾ" ಎನ್ನುತ್ತಿದ್ದರು. 2022ರ ಮೇನಲ್ಲಿ ಒಬ್ಬ ಹುಡುಗ ಬಿಸ್ಕತ್ತು ತೋರಿಸಿ ಕೈ ಹಿಂದಕ್ಕೆ ಎಳೆದುಕೊಂಡ. ಕೋತಿ ಮಣಿಕಟ್ಟಿಗೆ ಪರಚಿತು. ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಾಕಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಸಿದೆ. ಹುಡುಗ ಅಳುತ್ತಿದ್ದ, ಅವನ ಅಮ್ಮ ಸಾಕು ಬಿಡಿ ಎನ್ನುತ್ತಿದ್ದರು. ಕೋತಿ ಪರಚಿದರೂ ರೇಬಿಸ್ ಲಸಿಕೆ ಬೇಕೇ ಬೇಕು, ಒಂದು ಡೋಸಿಗೆ ಮುಗಿಯುವುದೂ ಇಲ್ಲ. ಮೊದಲ ಡೋಸ್ ಇಲ್ಲಿ, ಉಳಿದದ್ದು ಅವರ ಊರಿನಲ್ಲಿ. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಆ ಕೋತಿಗೆ ಬಿಸ್ಕತ್ತಿನ ಪೊಟ್ಟಣದ ಶಬ್ದ ಕಲಿಸಿದ್ದು ನಮ್ಮ ಅಂಗಳವೇ.

ಬೂದಿಯ ಪರೀಕ್ಷೆ

ಪಕ್ಕದವರು ದೂರು ಕೊಟ್ಟ ಮಾರನೇ ದಿನದಿಂದ ಎರಡು ಕೆಲಸ ಶುರು ಮಾಡಿದೆ. ಒಂದು, ತಟ್ಟೆಗೆ ಹಾಕುವುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕುವುದು, ಸಂಜೆ ಉಳಿದದ್ದನ್ನು ತೂಗಿ ತೆಗೆಯುವುದು. ಎರಡು, ರಾತ್ರಿ ಯಾರು ಬರುತ್ತಾರೆ ನೋಡುವುದು. ಕ್ಯಾಮೆರಾ ಇರಲಿಲ್ಲ. ಹಂಡೆ ಒಲೆಯ ಬೂದಿಯನ್ನು ಜರಡಿ ಹಿಡಿದು, ತಟ್ಟೆಯ ಕೆಳಗೆ ತೆಳ್ಳಗೆ ಹರಡಿ, ಮಳೆಗೆ ತೊಳೆಯದ ಹಾಗೆ ಮೇಲೆ ಟಾರ್ಪಾಲು ಕಟ್ಟಿದೆ. ಬೆಳಿಗ್ಗೆ ಟಾರ್ಚ್ ಅಡ್ಡ ಹಿಡಿದು ನೋಡಿದರೆ ಪಾದದ ಗುರುತು ಅಚ್ಚು ಹಾಕಿದ ಹಾಗೆ ಕಾಣುತ್ತದೆ.

ಮೊದಲ ರಾತ್ರಿಯೇ ಬೂದಿ ತುಂಬ ಇಲಿ. ಬಾಲ ಎಳೆದ ಗೆರೆಯೂ ಇತ್ತು. ಮೂರನೇ ರಾತ್ರಿ ಬೆಕ್ಕಿನ ಹೆಜ್ಜೆಯಂಥದ್ದು, ಆದರೆ ಉಗುರಿನ ಚುಕ್ಕಿ ಇದ್ದದ್ದು. ಸಾಕಿದ ಬೆಕ್ಕು ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ಹಾಗಾಗಿ ಇದು ಪುನುಗು ಬೆಕ್ಕು ಎಂದು ಬರೆದುಕೊಂಡೆ. ಕಾಫಿ ಹಣ್ಣಾದಾಗ ಬಂಡೆಯ ಮೇಲೆ ಬೀಜದ ಹಿಕ್ಕೆ ಹಾಕಿ ಹೋಗುವುದು ಅದೇ ತಾನೆ. ಐದನೇ ರಾತ್ರಿ ಹಂದಿ ಬಂದು ಟಾರ್ಪಾಲನ್ನೇ ಕೆಡವಿತು. ಒಂಬತ್ತನೇ ದಿನ ಬೆಳಿಗ್ಗೆ ಬೂದಿಯ ಮೇಲೆ ಅಡ್ಡಾದಿಡ್ಡಿ ಹೋದ ಒಂದೇ ಒಂದು ದಪ್ಪ ಗೆರೆ. ಆ ಹೊತ್ತಿಗೆ ಸೌದೆ ಕೊಟ್ಟಿಗೆಯಲ್ಲಿ ಆರಡಿಯ ಕೇರೆ ಹಾವು ಕಾಣಿಸಿತ್ತು. ಕೇರೆಗೆ ವಿಷವಿಲ್ಲ, ಇಲಿ ತಿನ್ನುತ್ತದೆ, ಇರಲಿ ಬಿಡಿ ಎಂದೆ. ಆದರೆ ಇಲಿಯ ಹಿಂದೆ ಕೇರೆ ಮಾತ್ರ ಬರುತ್ತದೆ, ನಾಗರ ಬರುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ? ಅತ್ತೆ ಆ ವಾರ ಸೌದೆ ತರಲು ಹೋಗಲಿಲ್ಲ.

ತೂಕದ ಲೆಕ್ಕ ಇನ್ನೂ ನಾಚಿಕೆಗೇಡು. ಹಣ್ಣು ಬೆಳಿಗ್ಗೆ ಆರೂವರೆಗೆ ಇಟ್ಟರೆ ಒಂಬತ್ತಕ್ಕೆ ಖಾಲಿ. ಕಾಳು ಮಾತ್ರ ಸಂಜೆಗೆ ಅರ್ಧಕ್ಕಿಂತ ಜಾಸ್ತಿ ಹಾಗೇ ಇರುತ್ತಿತ್ತು, ಇಲ್ಲ ಕೆಳಗೆ ಚೆಲ್ಲಿರುತ್ತಿತ್ತು. ಕಾರಣ ತಿಳಿಯಲು ನೋಟ್‌ಬುಕ್ ಬೇಕಾಗಿರಲಿಲ್ಲ, ಕಣ್ಣು ಬಿಟ್ಟಿದ್ದರೆ ಸಾಕಿತ್ತು. ಪಿಕಳಾರ ಮುಖ್ಯವಾಗಿ ಹಣ್ಣು ಮತ್ತು ಹುಳ ತಿನ್ನುವುದು. ಕುಟ್ರುಹಕ್ಕಿ ಹಣ್ಣಿನದು. ಮಡಿವಾಳ, ಭೀಮರಾಜ, ರಾಜಹಕ್ಕಿ ಹುಳದವು. ಕಾಳು ತಿನ್ನುವವು ನಮ್ಮಲ್ಲಿ ಬೆಳವದ ಹಕ್ಕಿಗಳು, ಮತ್ತೆ ಹರಟೆಮಲ್ಲ ಒಂದಿಷ್ಟು ಹೆಕ್ಕುತ್ತದೆ. ಪೇಟೆಯಲ್ಲಿ ಪಾರಿವಾಳಕ್ಕೆ ಹಾಕುವ ಮೂಟೆಯನ್ನು ಕಾಫಿ ತೋಟಕ್ಕೆ ತಂದು, ಹಕ್ಕಿಗೆ ಎಂದು ಹೆಸರಿಟ್ಟು, ಒಂದು ವರ್ಷ ನಾವು ಇಲಿ ಸಾಕಿದ್ದೆವು.

ಕಡ್ಲೆಬೀಜದ ಡಬ್ಬಿ ಇನ್ನೊಂದು ಪಾಠ. ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟು, ಚಪ್ಪಲಿ, ಫೋಟೋ ಫ್ರೇಮು ಎಲ್ಲಕ್ಕೂ ಬೂಷ್ಟು. ಡಬ್ಬಿ ತೆಗೆದಾಗ ಬೀಜದ ಮೇಲೆ ಹಸಿರು ಹಳದಿ ಪುಡಿ. ತೊಳೆದು ಹಾಕಿದರೆ ಆಯಿತು ಎಂದು ಅತ್ತೆ ಹೇಳಿದರು. ಆಗುವುದಿಲ್ಲ. ಶೇಂಗಾಕ್ಕೆ ಹಿಡಿಯುವ ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದು ಅವಕ್ಕೆ ಹಾಕಿದ ಶೇಂಗಾ ಹಿಂಡಿ. ಆ ವಿಷಕ್ಕೆ ಹೆಸರು ಬಂದದ್ದೇ ಆಮೇಲೆ. ತೊಳೆದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಡಬ್ಬಿಯನ್ನು ಹಾಗೇ ಗುಂಡಿಯಲ್ಲಿ ಹೂತೆವು.

ಅದೇ ತಿಂಗಳು ಒಂದು ಚುಕ್ಕೆ ಬೆಳವ ತಟ್ಟೆಯ ಪಕ್ಕ ಮೈ ಉಬ್ಬಿಸಿ ಕೂತಿತ್ತು. ಕಾಳು ಬಾಯಿಗೆ ಹಾಕಿಕೊಂಡು ನುಂಗಲಾಗದೆ ಉದುರಿಸುತ್ತಿತ್ತು. ಎರಡನೇ ದಿನ ಸತ್ತಿತು. ಅದಕ್ಕೆ ಬಂದ ರೋಗ ಇಂಥದ್ದೇ ಎಂದು ನಾನು ಹೇಳಲಾರೆ, ಯಾರೂ ಪರೀಕ್ಷೆ ಮಾಡಲಿಲ್ಲ. ಆದರೆ ಗಂಟಲಿಗೆ ಹುಣ್ಣು ಮಾಡುವ ಟ್ರೈಕೊಮೊನಾಸ್ ಎಂಬ ಸೂಕ್ಷ್ಮ ಪರಾವಲಂಬಿಯ ಸೋಂಕು ಪಾರಿವಾಳದ ಜಾತಿಯಲ್ಲಿ ಹಳೆಯ ಕಾಯಿಲೆ, ಎಂಜಲು ಬಿದ್ದ ಕಾಳು, ನೀರಿನಿಂದ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿದದ್ದು ಇದೇ ಕಾಯಿಲೆಯಿಂದ. ಅಲ್ಲಿ ಹಿತ್ತಲಿನ ತಟ್ಟೆಗಳೂ ರೋಗ ಹರಡುವ ಜಾಗವಾದವು. ನಮ್ಮ ತಟ್ಟೆಯನ್ನು ಸೋಪು ಹಾಕಿ ತೊಳೆದು ಎಷ್ಟು ದಿನವಾಗಿತ್ತು ಎಂದು ಅತ್ತೆಯನ್ನು ಕೇಳಿದೆ. ಅವರು ನನ್ನನ್ನು ಕೇಳಿದರು.

ನಾಲ್ಕು ದೂರಿನ ತೀರ್ಪು

ಇಲಿ: ಪೂರ್ತಿ ನಮ್ಮದು. ಹಂದಿ: ನಮ್ಮದು ಅಂತಲೇ ಬರೆದೆ. ಚೆಲ್ಲಿದ ಜೋಳಕ್ಕೆ ಬಂದದ್ದು ಬೇಲಿ ದಾಟಿ ಅವರ ಗೆಣಸನ್ನು ಕಂಡುಕೊಂಡಿತು. ಕೋತಿ: ಅರ್ಧ ನಮ್ಮದು, ಅರ್ಧ ಅತಿಥಿಗಳದ್ದು, ಆದರೆ ಅತಿಥಿಗಳನ್ನು ಕರೆದವರೂ ನಾವೇ.

ಆನೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಜೂನ್‌ನಲ್ಲಿ ಬಿದ್ದಿದ್ದ ಲದ್ದಿಯನ್ನು ಗಂಡ ಕೋಲಿನಿಂದ ಬಿಡಿಸಿ ನೋಡಿದ್ದರು. ಒಳಗೆ ತುಂಬ ಹಲಸಿನ ಬೀಜ. ಕೊಡಗಿನ ತೋಟಗಳಿಗೆ ಹಲಸು ಹಣ್ಣಾದಾಗ ಆನೆ ಬರುವುದು ಎಲ್ಲರಿಗೂ ಗೊತ್ತು, ಅದಕ್ಕೇ ಎಷ್ಟೋ ಜನ ಕಾಯಿ ಇರುವಾಗಲೇ ಕಿತ್ತು ಹಾಕುತ್ತಾರೆ. ನಮ್ಮಲ್ಲಿ ಎರಡು ಹಲಸಿನ ಮರ, ಪಕ್ಕದವರಲ್ಲಿ ನಾಲ್ಕು. ಇದನ್ನು ಅವರಿಗೆ ಹೇಳಲು ಅತ್ತೆಯೇ ಹೋದರು. ಹೋಗುವಾಗ ಒಂದು ಬುಟ್ಟಿ ಮರಗೆಣಸು ಕೊಂಡು ತೆಗೆದುಕೊಂಡು ಹೋದರು.

ಬದಲಾಯಿಸಿದ್ದು

ತಟ್ಟೆ ಕೀಳಲಿಲ್ಲ. ಕಾಳು ಪೂರ್ತಿ ಬಂದ್. ಅನ್ನ, ಬ್ರೆಡ್ಡು, ಮಿಕ್ಸ್ಚರ್ ಬಂದ್. ಎರಡು ಬಾಳೆಹಣ್ಣು, ಇಲ್ಲವೇ ಒಂದು ತುಂಡು ಪಪ್ಪಾಯಿ, ಅಷ್ಟೇ. ಬೆಳಿಗ್ಗೆ ಆರೂವರೆಗೆ ಇಡುವುದು, ಒಂಬತ್ತಕ್ಕೆ ತಟ್ಟೆಯನ್ನೇ ಕಂಬದಿಂದ ತೆಗೆದು ಒಳಗೆ ತಂದು ತೊಳೆಯುವುದು. ಒಂಬತ್ತು ಯಾಕೆ ಎಂದರೆ ಕೋತಿಯ ಹಾಜರಿ ಹತ್ತಕ್ಕೆ. ಸಿಪ್ಪೆ ಮುಚ್ಚಳವಿರುವ ಗೊಬ್ಬರದ ಡ್ರಮ್ಮಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಟ್ಟೆಗೆ ರಜೆ. ಮಳೆಗಾಲದಲ್ಲಿ ಕಾಡಿನಲ್ಲಿ ಹುಳಹುಪ್ಪಟೆಗೆ ಬರವಿಲ್ಲ, ನಮ್ಮ ನೆನೆದ ಬಾಳೆಹಣ್ಣು ಯಾರಿಗೂ ಬೇಕಿಲ್ಲ.

ನೀರಿನ ಬೋಗುಣಿ ಮಾತ್ರ ಫೆಬ್ರವರಿಯಿಂದ ಮೇವರೆಗೆ ತಪ್ಪಿಸುವುದಿಲ್ಲ. ಎರಡು ಬೆರಳು ಆಳ, ನಡುವೆ ಒಂದು ಒರಟು ಕಲ್ಲು, ದಿನಾ ಚೆಲ್ಲಿ ಉಜ್ಜಿ ತುಂಬುವುದು. ಸೊಳ್ಳೆ ಮೊಟ್ಟೆಯಿಟ್ಟು ಮರಿ ಹಾರಲು ಒಂದು ವಾರವಾದರೂ ಬೇಕು, ದಿನಾ ಚೆಲ್ಲಿದರೆ ಆ ಭಯವಿಲ್ಲ.

ಅತಿಥಿಗಳಿಗೆ ಬೋರ್ಡ್ ಬರೆದು ಹಾಕಿದೆವು. ಯಾರೂ ಓದಲಿಲ್ಲ. ಈಗ ರೂಮಿನ ಕೀ ಕೊಡುವಾಗಲೇ ಗಂಡ ಆ ಹುಡುಗನ ಲಸಿಕೆಯ ಕಥೆ ಹೇಳುತ್ತಾರೆ. ಅದು ಕೆಲಸ ಮಾಡುತ್ತದೆ.

ಇನ್ನೊಂದು ಬದಲಾವಣೆ ನಿಧಾನದ್ದು. ಹಾಲುವಾಣವನ್ನು ಆ ವರ್ಷ ಕಡಿದು ಸಿಲ್ವರ್ ಓಕ್ ಹಾಕಬೇಕೆಂದಿತ್ತು, ನಿಲ್ಲಿಸಿದೆವು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಕಡಿದು ಮಾರಲು ತಲೆನೋವು ಕಮ್ಮಿ. ತೋಟದವರ ಲೆಕ್ಕ ನನಗೂ ಅರ್ಥವಾಗುತ್ತದೆ, ನಮ್ಮದೂ ಅದೇ ಲೆಕ್ಕ. ಆದರೆ ಕುಟ್ರುಹಕ್ಕಿಗೆ ಅದರಲ್ಲಿ ತಿನ್ನಲು ಒಂದು ಹಣ್ಣಿಲ್ಲ. ಹಾಲುವಾಣ ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಮೈನಾ, ಸೂರಕ್ಕಿ, ಭೀಮರಾಜ ಎಲ್ಲ ಅಲ್ಲೇ. ತೊಟ್ಟಿಯ ಹತ್ತಿರ ಒಂದು ಅತ್ತಿ, ಗೇಟಿನ ಹತ್ತಿರ ಒಂದು ಗಸಗಸೆ ಹಣ್ಣಿನ ಗಿಡ ನೆಟ್ಟೆವು. ಗಸಗಸೆ ಎರಡೇ ವರ್ಷಕ್ಕೆ ಹಣ್ಣು ಬಿಟ್ಟಿತು. ಹಗಲು ಪಿಕಳಾರ, ರಾತ್ರಿ ಬಾವಲಿ. ಕೆಳಗೆ ಬಿದ್ದ, ಕಚ್ಚಿದ ಹಣ್ಣನ್ನು ಮಕ್ಕಳು ಹೆಕ್ಕಿ ತಿನ್ನದ ಹಾಗೆ ನೋಡಿಕೊಳ್ಳಬೇಕು, ಅದೊಂದು ಹೊಸ ಕೆಲಸ.

ಈಗ

ಬೂದಿ ಹರಡುವುದನ್ನು ತಿಂಗಳಿಗೊಮ್ಮೆ ಮುಂದುವರಿಸಿದೆ. ನವೆಂಬರ್ ಹೊತ್ತಿಗೆ ಇಲಿಯ ಹೆಜ್ಜೆ ಒಂದೆರಡಕ್ಕೆ ಇಳಿದಿತ್ತು. ಕೇರೆ ತಾನಾಗಿಯೇ ಹೋಯಿತು. ಕೋತಿಗಳಿಗೆ ಮರೆಯಲು ಜಾಸ್ತಿ ಸಮಯ ಬೇಕಾಯಿತು. ಖಾಲಿ ಕಂಬವನ್ನು ಹತ್ತಿ, ತುದಿಯಲ್ಲಿ ಕೂತು, ನಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದವು. ಮುಂದಿನ ಮಾರ್ಚ್ ಹೊತ್ತಿಗೆ ದಾರಿಹೋಕರಾದವು. ಹಂದಿ ಈಗಲೂ ಪಕ್ಕದ ತೋಟಕ್ಕೆ ಬರುತ್ತದೆ, ಗೆಣಸು ಅಲ್ಲಿದೆಯಲ್ಲ. ಅವರು ಸುತ್ತ ತಗಡು ಹೊಡೆಸಿದ್ದಾರೆ. ಅದರ ಅರ್ಧ ಖರ್ಚು ಕೊಡುತ್ತೇವೆ ಎಂದೆವು, ತೆಗೆದುಕೊಳ್ಳಲಿಲ್ಲ.

ತಟ್ಟೆಗೆ ಬರುವ ಹಕ್ಕಿ ಮೊದಲಿಗಿಂತ ಕಮ್ಮಿ ಎಂದು ಗಂಡ ಹೇಳುತ್ತಾರೆ. ನಿಜ. ಬೆಳವಗಳು ಕಮ್ಮಿ. ಅತ್ತೆ ಕೊಟ್ಟಿಗೆಯ ಹಿಂದೆ ಒಂದು ಹಿಡಿ ರಾಗಿ ಚೆಲ್ಲಿ ಬರುತ್ತಾರೆ ಎಂಬುದು ನನಗೆ ಗೊತ್ತು. ಒಂದು ಹಿಡಿ, ಅವು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿರುತ್ತಾರೆ. ಬರೆದುಕೊಂಡಿದ್ದೇನೆ, ಕೇಳಿಲ್ಲ.

ಕಳೆದ ಮಾರ್ಚ್‌ನಲ್ಲಿ ಹೂ ಮಳೆ ಬಂದು ಒಂದು ವಾರವಾದ ಮೇಲೆ, ತೋಟವೆಲ್ಲ ಕಾಫಿ ಮೊಗ್ಗು ಬಿಳಿಗೆ ತಿರುಗುತ್ತಿರುವಾಗ, ಪಕ್ಕದವರು ಮತ್ತೆ ಗೇಟಿಗೆ ಬಂದರು. ಕೈಯಲ್ಲಿ ಒಂದು ಪಪ್ಪಾಯಿ. ಒಂದು ಪಕ್ಕದಲ್ಲಿ ಮುಷ್ಟಿ ಹೋಗುವಷ್ಟು ತೂತು, ಒಳಗೆ ಬೀಜ ಕಾಣುತ್ತಿತ್ತು.

"ಅಮ್ಮಾ, ಇದು ನಿಮ್ಮ ಮದುವೆ ಮನೆ ನೆಂಟನ ಕೆಲಸ."

ಅತ್ತೆ ಹಣ್ಣನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಒಳಗೆ ಗೋಡೆಯ ಗಡಿಯಾರದತ್ತ ಕತ್ತು ಚಾಚಿದರು. ಎಂಟೂ ಮುಕ್ಕಾಲು.

"ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡಿರಿ. ಇನ್ನೂ ಕಾಲು ಗಂಟೆ ಇದೆ" ಎಂದು ಪಪ್ಪಾಯಿಯನ್ನು ಹಾಗೇ ತಟ್ಟೆಯ ಮೇಲಿಟ್ಟು ಬಂದರು.